ಐರಿಷ್ ಭಾಷೆಗೆ ಒಂದು ಮನೆ ಬೇಕು

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ಅಂಕಿಗಳಿಂದ ಶುರು ಮಾಡುತ್ತೇನೆ. 2022ರ ಜನಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ಸುಮಾರು 18 ಲಕ್ಷ 74 ಸಾವಿರ ಜನ ತಮಗೆ ಐರಿಷ್ ಬರುತ್ತದೆ ಎಂದು ಬರೆಸಿದರು. ಅಂದರೆ ಶೇಕಡಾ 40 ಜನ. ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ಅದೇ ಜನಗಣತಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಶಾಲೆ ಕಾಲೇಜಿನ ಆಚೆ ದಿನಾ ಐರಿಷ್ ಮಾತಾಡುತ್ತೀರಾ? ಹೌದು ಎಂದವರು ಸುಮಾರು 72 ಸಾವಿರ. ಭಾಷೆ ಬರುತ್ತದೆ ಎಂದ ಇಪ್ಪತ್ತಾರು ಜನರಲ್ಲಿ ಒಬ್ಬರು ಮಾತ್ರ ಅದನ್ನು ದಿನಾ ಬಳಸುತ್ತಾರೆ. ಐರಿಷ್ ಬರುತ್ತದೆ ಎಂದವರಲ್ಲೇ ಅರ್ಧಕ್ಕಿಂತ ಜಾಸ್ತಿ ಜನ "ಚೆನ್ನಾಗಿ ಬರುವುದಿಲ್ಲ" ಎಂದೂ ಬರೆಸಿದ್ದಾರೆ.

ಇದು ಸಂವಿಧಾನವೇ ಮೊದಲ ಸ್ಥಾನ ಕೊಟ್ಟಿರುವ ಭಾಷೆ. 1937ರ ಸಂವಿಧಾನದ ಪ್ರಕಾರ ಐರಿಷ್ ರಾಷ್ಟ್ರಭಾಷೆ ಮತ್ತು ಮೊದಲ ಅಧಿಕೃತ ಭಾಷೆ. ಇಂಗ್ಲಿಷಿಗೆ ಎರಡನೇ ಸ್ಥಾನ. ಅಲ್ಲಿನ ಮಕ್ಕಳು ಶಾಲೆಗೆ ಸೇರಿದ ದಿನದಿಂದ ಹದಿನೆಂಟು ವರ್ಷ ತುಂಬುವ ತನಕ ಅದನ್ನು ಕಲಿಯುತ್ತಾರೆ. ಇಷ್ಟಾದರೂ ಭಾಷೆ ಬೀದಿಗೆ ಬರಲಿಲ್ಲ. ಯಾಕೆ? ಮತ್ತೆ, ಬಂದಿರುವ ಕಡೆ ಅದು ಬಂದದ್ದು ಹೇಗೆ? ನನ್ನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ.

ಮೊದಲು ಸ್ವಲ್ಪ ಹಿಂದಿನ ಕಥೆ. ಐರಿಷ್ ಅಂದರೆ ಇಂಗ್ಲಿಷಿನ ಒಂದು ಬಗೆ ಎಂದು ಕೆಲವರು ತಿಳಿದಿರುತ್ತಾರೆ. ಹಾಗಲ್ಲ. ಅದು ಕೆಲ್ಟಿಕ್ ಗುಂಪಿನ ಭಾಷೆ. ಸ್ಕಾಟ್ಲೆಂಡಿನ ಗೇಲಿಕ್ ಅದಕ್ಕೆ ತೀರ ಹತ್ತಿರ, ವೇಲ್ಸ್‌ನ ವೆಲ್ಷ್ ಸ್ವಲ್ಪ ದೂರ. ಲ್ಯಾಟಿನ್, ಗ್ರೀಕ್ ಬಿಟ್ಟರೆ ಯುರೋಪಿನ ಬಹಳ ಹಳೆಯ ಸಾಹಿತ್ಯಗಳಲ್ಲಿ ಐರಿಷ್ ಸಾಹಿತ್ಯವೂ ಒಂದು. 1600ರ ಹೊತ್ತಿಗೂ ಆ ದ್ವೀಪದ ಬಹುಪಾಲು ಜನರ ಮಾತು ಅದೇ. ಆಮೇಲೆ ಇಂಗ್ಲಿಷರೆದುರು ಸ್ಥಳೀಯ ಪಾಳೆಯಗಾರರು ಸೋತರು. 1607ರಲ್ಲಿ ಉತ್ತರದ ದೊಡ್ಡ ಒಡೆಯರು ದೇಶ ಬಿಟ್ಟೇ ಹೋದರು. ಅವರ ಆಸರೆಯಲ್ಲಿದ್ದ ಕವಿಗಳು, ವಿದ್ವಾಂಸರು ದಿಕ್ಕಿಲ್ಲದವರಾದರು. ಜಮೀನು ಕೈ ಬದಲಾಯಿತು. 1737ರ ಕಾನೂನು ನ್ಯಾಯಾಲಯದ ಕಲಾಪವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು ಎಂದಿತು. ಐರಿಷ್ ಬಡವರ ಭಾಷೆಯಾಗಿ ಉಳಿಯಿತು.

1831ರಲ್ಲಿ ಸರ್ಕಾರದ ಪ್ರಾಥಮಿಕ ಶಾಲೆಗಳು ಬಂದವು. ಪಾಠ ಇಂಗ್ಲಿಷಿನಲ್ಲಿ. ಆ ಕಾಲದ ಒಂದು ಪದ್ಧತಿಯ ಬಗ್ಗೆ ಓದುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಮಗುವಿನ ಕೊರಳಿಗೆ ದಾರದಲ್ಲಿ ಒಂದು ಕೋಲು ಕಟ್ಟುತ್ತಿದ್ದರು. ಮಗು ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀರು. ಕೊನೆಗೆ ಗೀರು ಎಣಿಸಿ ಪೆಟ್ಟು. ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲೂ ಅಪ್ಪ ಅಮ್ಮ ಗೀರು ಹಾಕುತ್ತಿದ್ದರು. ತಮಗೆ ಇಂಗ್ಲಿಷ್ ಬಾರದಿದ್ದ ಅಪ್ಪ ಅಮ್ಮ!

ಇದನ್ನೆಲ್ಲ ಬರೀ ದಬ್ಬಾಳಿಕೆ ಎಂದು ಹೇಳಿ ಮುಗಿಸಿದರೆ ಅರ್ಧ ಕಥೆ ಹೇಳಿದಂತೆ. ದಬ್ಬಾಳಿಕೆ ಇತ್ತು, ನಿಜ. ಆದರೆ ಆ ತಂದೆ ತಾಯಂದಿರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದರು. ಐರಿಷ್ ಜನರ ದೊಡ್ಡ ನಾಯಕ ಡೇನಿಯಲ್ ಓ'ಕಾನೆಲ್ ಸ್ವತಃ ಐರಿಷ್ ಮಾತಾಡುವ ವಾತಾವರಣದಲ್ಲಿ ಬೆಳೆದವರು. ಅವರೂ ಈ ಭಾಷೆ ಮೆಲ್ಲಗೆ ಹೋದರೆ ತಮಗೆ ದುಃಖವಿಲ್ಲ ಎಂದವರೇ. ಇಂಗ್ಲಿಷಿನಿಂದ ಸಿಗುವ ಪ್ರಯೋಜನ ಅಷ್ಟು ದೊಡ್ಡದು ಎಂಬುದು ಅವರ ಲೆಕ್ಕ. ಅನ್ನ ಇರುವ ಕಡೆ ಇಂಗ್ಲಿಷ್ ಇದೆ ಎಂದು ಜನ ಕಣ್ಣಾರೆ ನೋಡುತ್ತಿದ್ದರು.

ಅಷ್ಟರಲ್ಲಿ 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಮಹಾ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದದ್ದು ಪಶ್ಚಿಮಕ್ಕೆ ಮತ್ತು ದಕ್ಷಿಣಕ್ಕೆ. ಐರಿಷ್ ಗಟ್ಟಿಯಾಗಿ ಉಳಿದಿದ್ದೂ ಅಲ್ಲೇ. 1851ರ ಜನಗಣತಿಯಲ್ಲಿ ಮೊದಲ ಸಲ ಭಾಷೆಯ ಪ್ರಶ್ನೆ ಕೇಳಿದಾಗ ಐರಿಷ್ ಬಲ್ಲವರು 15 ಲಕ್ಷದಷ್ಟಿದ್ದರು. ನಲವತ್ತು ವರ್ಷ ಕಳೆದು 1891ಕ್ಕೆ ಬಂದರೆ 7 ಲಕ್ಷವೂ ಇಲ್ಲ. ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗಲಿರುವ ಮಗುವಿಗೆ ಯಾವ ಭಾಷೆ ಕಲಿಸುತ್ತೀರಿ? ಆ ಅಮ್ಮಂದಿರ ಎದುರಿಗಿದ್ದ ಪ್ರಶ್ನೆ ಇದು.

ಇಂಥ ಹೊತ್ತಿನಲ್ಲಿ ಡಗ್ಲಸ್ ಹೈಡ್ ಬಂದರು. ರಾಸ್‌ಕಾಮನ್ ಜಿಲ್ಲೆಯ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗ. ಐರಿಷ್ ಅವರ ಮನೆಮಾತಲ್ಲ. ಸುತ್ತಮುತ್ತ ದುಡಿಯುತ್ತಿದ್ದ ಜನರಿಂದ ಕೇಳಿ ಕೇಳಿ ಕಲಿತರು. 1893ರಲ್ಲಿ ಅವರು, ಇತಿಹಾಸಕಾರ ಓಯಿನ್ ಮೆಕ್‌ನೀಲ್ ಮತ್ತು ಇತರರು ಸೇರಿ ಡಬ್ಲಿನ್ನಿನಲ್ಲಿ ಗೇಲಿಕ್ ಲೀಗ್ ಕಟ್ಟಿದರು. ಸಂಜೆ ತರಗತಿ, ಹಾಡು, ಕುಣಿತ, ಸೈಕಲ್ಲಿನಲ್ಲಿ ಊರೂರು ತಿರುಗುವ ಮೇಷ್ಟ್ರುಗಳು. ಕೆಲವೇ ವರ್ಷಗಳಲ್ಲಿ ನೂರಾರು ಶಾಖೆಗಳಾದವು. ನಾಚಿಕೆ ಹುಟ್ಟಿಸುತ್ತಿದ್ದ ಭಾಷೆಯನ್ನು ನಾಲ್ಕು ಜನರೆದುರು ಧೈರ್ಯವಾಗಿ ಆಡುವಂತಾಯಿತು. ಲೀಗಿನ ದೊಡ್ಡ ಗೆಲುವು ಇದೇ ಎಂದು ನನ್ನ ಅನಿಸಿಕೆ. ರಾಜಕೀಯ ಬೆರೆಸಬಾರದು ಎಂಬುದು ಹೈಡ್ ಅವರ ಹಟವಾಗಿತ್ತು. ಅದು ಸಾಧ್ಯವಾಗದೆ 1915ರಲ್ಲಿ ಲೀಗಿನ ಅಧ್ಯಕ್ಷಗಿರಿ ಬಿಟ್ಟರು. ಮರು ವರ್ಷ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಈಸ್ಟರ್ ದಂಗೆಯ ನಾಯಕರಲ್ಲಿ ಹಲವರು ಲೀಗಿನಲ್ಲಿ ಬೆಳೆದವರೇ. 1938ರಲ್ಲಿ ಇದೇ ಹೈಡ್ ದೇಶದ ಮೊದಲ ರಾಷ್ಟ್ರಾಧ್ಯಕ್ಷರಾದರು.

ಇಲ್ಲಿ ನಮಗೂ ಒಂದು ನಂಟಿದೆ. ಕುವೆಂಪು ಅವರು ಮೈಸೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಬುದ್ಧಿ ಹೇಳಿದ್ದು ನಿಮಗೆಲ್ಲ ಗೊತ್ತು. ಕಸಿನ್ಸ್ ಬೆಲ್‌ಫಾಸ್ಟಿನವರು. ಕವಿ ಯೇಟ್ಸ್ ಮುಂತಾದವರ ಜೊತೆ ಐರಿಷ್ ಸಾಹಿತ್ಯದ ಹೊಸ ಹುಟ್ಟಿನ ಕಾಲದಲ್ಲಿ ಓಡಾಡಿದವರು. ಆದರೆ ಅವರು ಬರೆದದ್ದು ಇಂಗ್ಲಿಷಿನಲ್ಲಿ. ಯೇಟ್ಸ್ ಬರೆದದ್ದೂ ಇಂಗ್ಲಿಷಿನಲ್ಲಿ. ಯೇಟ್ಸ್‌ಗೆ ಐರಿಷ್ ಬರುತ್ತಿರಲಿಲ್ಲ. ಐರ್ಲೆಂಡಿನ ಹಳೆಯ ಕಥೆ, ದೇವರು, ವೀರರು ಎಲ್ಲ ಮತ್ತೆ ಎದ್ದು ಬಂದರು. ಭಾಷೆ ಮಾತ್ರ ಬರಲಿಲ್ಲ. ಕುವೆಂಪು ಅವರಿಗೆ ಕಸಿನ್ಸ್ ಕೊಟ್ಟ ಸಲಹೆಯ ಹಿಂದೆ ಭಾಷೆ ಕಳೆದುಕೊಂಡ ನಾಡಿನ ಅನುಭವ ಇತ್ತು ಎಂದೇ ನನಗನಿಸುತ್ತದೆ. ಕುವೆಂಪು ಮರಳಿ ಬರಬಹುದಿತ್ತು, ಯಾಕೆಂದರೆ ಅವರ ಮಲೆನಾಡಿನ ಮನೆ ಕನ್ನಡದಲ್ಲೇ ಇತ್ತು. ಯೇಟ್ಸ್‌ಗೆ ಮರಳಿ ಹೋಗಲು ಹಾಗೊಂದು ಮನೆ ಇರಲಿಲ್ಲ.

1922ರಲ್ಲಿ ಸ್ವಂತ ಸರ್ಕಾರ ಬಂತು. ಆ ಸರ್ಕಾರ ಒಂದು ಲೆಕ್ಕ ಹಾಕಿತು. ಶಾಲೆ ಭಾಷೆಯನ್ನು ಕೊಂದಿತು, ಶಾಲೆಯೇ ಅದನ್ನು ಬದುಕಿಸಲಿ. ಕೇಳಲು ಸರಿಯಾಗಿದೆ. ಆದರೆ ಕೊಂದದ್ದು ಶಾಲೆಯೊಂದೇ ಅಲ್ಲ ಎಂದು ಈಗ ನೋಡಿದೆವಲ್ಲ. ಹಸಿವು, ವಲಸೆ, ಕೋರ್ಟು, ಸಂತೆ ಎಲ್ಲ ಸೇರಿ ಮಾಡಿದ ಕೆಲಸವನ್ನು ಆರು ವರ್ಷದ ಮಗು ಒಂದೇ ತಿರುಗಿಸಬೇಕು ಎಂದರೆ ಹೇಗೆ? ಎಷ್ಟೋ ಮೇಷ್ಟ್ರುಗಳಿಗೆ ಭಾಷೆ ಬರುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಕಲಿತು ಬಂದು ಪಾಠ ಮಾಡಿದರು. ಮಗು ಶಾಲೆಯಿಂದ ಹೊರಗೆ ಬಂದರೆ ಅಂಗಡಿ, ಬಸ್ಸು, ಆಟ, ಸಿನಿಮಾ ಎಲ್ಲ ಇಂಗ್ಲಿಷ್. ಐರಿಷ್ ಅಂದರೆ ವ್ಯಾಕರಣ, ಕಂಠಪಾಠ, ಪರೀಕ್ಷೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಐರಿಷ್ ಒಂದರಲ್ಲಿ ಫೇಲಾದರೆ ಇಡೀ ಪರೀಕ್ಷೆಯೇ ಫೇಲು. ಈ ನಿಯಮ 1973ರ ತನಕ ಇತ್ತು. ಭಾಷೆಯ ಮೇಲೆ ಮಕ್ಕಳಿಗೆ ಸಿಟ್ಟು ಬರಲು ಇನ್ನೇನು ಬೇಕು?

ಸರ್ಕಾರದ ಪ್ರೀತಿ ಪುಸ್ತಕದ ಮೇಲೆ ಇತ್ತು, ಜನರ ಮೇಲೆ ಅಷ್ಟು ಇರಲಿಲ್ಲ. ಇದು ಗಟ್ಟಿ ಮಾತು ಅನಿಸಬಹುದು. ಆದರೆ ಬ್ಲಾಸ್ಕೆಟ್ ದ್ವೀಪದ ಕಥೆ ಕೇಳಿ. ನೈಋತ್ಯ ತುದಿಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿರುವ ಪುಟ್ಟ ದ್ವೀಪ ಅದು. ಮೀನು ಹಿಡಿದು, ಕುರಿ ಸಾಕಿ ಬದುಕುತ್ತಿದ್ದ ಅಲ್ಲಿನ ಜನರ ಐರಿಷ್ ಬಹಳ ಸೊಗಸು ಎಂದು ಯುರೋಪಿನ ವಿದ್ವಾಂಸರು ಹುಡುಕಿಕೊಂಡು ಬರುತ್ತಿದ್ದರು. ಆ ಮನೆಗಳಿಂದ ಒಳ್ಳೆಯ ಆತ್ಮಕಥೆಗಳು ಬಂದವು. ಪೆಗ್ ಸೇಯರ್ಸ್ ಎಂಬ ಅಜ್ಜಿ ಮಗನಿಗೆ ಹೇಳಿ ಬರೆಸಿದ ಬಾಳಿನ ಕಥೆ ದೇಶದ ಮಕ್ಕಳೆಲ್ಲ ಓದಲೇಬೇಕಾದ ಪಠ್ಯವಾಯಿತು. ಅದೇ ದ್ವೀಪದಲ್ಲಿ ಡಾಕ್ಟರ್ ಇರಲಿಲ್ಲ, ಅಂಗಡಿ ಇರಲಿಲ್ಲ. ಹರೆಯದವರು ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೋದರು. 1947ರಲ್ಲಿ ಬಿರುಗಾಳಿಯ ನಡುವೆ ಸಿಕ್ಕಿಕೊಂಡ ಜನ ತಿನ್ನಲು ಏನೂ ಇಲ್ಲವೆಂದು ಪ್ರಧಾನಿ ಡಿ ವಲೆರಾ ಅವರಿಗೆ ತಂತಿ ಕಳಿಸಬೇಕಾಯಿತು. 1953ರಲ್ಲಿ ಉಳಿದ ಕೆಲವೇ ಜನರನ್ನು ಸರ್ಕಾರವೇ ದಡಕ್ಕೆ ಕರೆತಂದಿತು. ದ್ವೀಪ ಖಾಲಿಯಾಯಿತು. ಪಾಠ ಮಾತ್ರ ಇನ್ನೂ ಎಷ್ಟೋ ವರ್ಷ ಮುಂದುವರಿಯಿತು.

ಇಂಥ ಐರಿಷ್ ಮಾತಾಡುವ ಪ್ರದೇಶಗಳನ್ನು ಅಲ್ಲಿನವರು ಗೇಲ್ತಖ್ತ್ ಎನ್ನುತ್ತಾರೆ. ಡನಿಗಾಲ್, ಕಾನ್ನೆಮಾರಾ, ಡಿಂಗಲ್ ಮುಂತಾದ ಕಡೆ, ಹೆಚ್ಚಾಗಿ ಪಶ್ಚಿಮದ ಅಂಚಿನಲ್ಲಿ ಚದುರಿಕೊಂಡಿವೆ. ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. 1935ರಲ್ಲಿ ಕಾನ್ನೆಮಾರಾದ 27 ಕುಟುಂಬಗಳಿಗೆ ಡಬ್ಲಿನ್ ಹತ್ತಿರದ ಮೀಥ್ ಜಿಲ್ಲೆಯ ರಾ ಕಾರ್ನ್‌ನಲ್ಲಿ ಮನೆ, ಜಮೀನು ಕೊಟ್ಟರು. ಅಲ್ಲಿ ಇವತ್ತಿಗೂ ಐರಿಷ್ ಇದೆ. ಜಮೀನು ಕೊಟ್ಟ ಕಡೆ ಭಾಷೆ ಉಳಿಯಿತು ಎಂಬುದನ್ನು ಗಮನಿಸಿ. ಆದರೆ ಆ ಊರಿಗೆ ಅಧಿಕೃತ ಗೇಲ್ತಖ್ತ್ ಎಂಬ ಮನ್ನಣೆ ಸಿಕ್ಕಿದ್ದು 1967ರಲ್ಲಿ. ಅದೂ ಜನ ಹೋರಾಡಿದ ಮೇಲೆ.

1969ರ ಹೊತ್ತಿಗೆ ಗೇಲ್ತಖ್ತ್‌ನ ಯುವಕರು ರೊಚ್ಚಿಗೆದ್ದರು. ನಮ್ಮ ಭಾಷೆಯನ್ನು ಹೊಗಳುತ್ತೀರಿ, ನಮಗೆ ಕೆಲಸ ಎಲ್ಲಿ, ರಸ್ತೆ ಎಲ್ಲಿ, ರೇಡಿಯೋ ಎಲ್ಲಿ ಎಂದು ಕೇಳಿದರು. 1970ರ ಈಸ್ಟರ್ ಸಮಯದಲ್ಲಿ ಕಾನ್ನೆಮಾರಾದ ರಾಸ್ ಮಕ್ ಎಂಬಲ್ಲಿ ಪರವಾನಗಿ ಇಲ್ಲದೆ ಸ್ವಂತ ರೇಡಿಯೋ ಹಾಕಿದರು. ಎರಡೇ ವರ್ಷಕ್ಕೆ, 1972ರ ಏಪ್ರಿಲ್‌ನಲ್ಲಿ, ಸರ್ಕಾರಿ ರೇಡಿಯೋ ಸಂಸ್ಥೆಯೇ ಗೇಲ್ತಖ್ತ್ ರೇಡಿಯೋ ಶುರು ಮಾಡಿತು. ಊರಿನ ಸುದ್ದಿ, ಫುಟ್‌ಬಾಲ್ ಪಂದ್ಯ, ಸಾವಿನ ಸುದ್ದಿ ಎಲ್ಲ ಐರಿಷಿನಲ್ಲಿ ಕೇಳಿಬಂತು. ಅದಕ್ಕೂ ಮುಂಚೆ ಡನಿಗಾಲ್‌ನವರಿಗೆ ಡಿಂಗಲ್‌ನವರ ಮಾತಿನ ಧಾಟಿ ಅಪರೂಪಕ್ಕೆ ಕಿವಿಗೆ ಬೀಳುತ್ತಿತ್ತು, ಅಷ್ಟೇ. 1996ರಲ್ಲಿ ಟಿ.ವಿ. ಚಾನೆಲ್ ಬಂತು, ಈಗಿನ ಟಿ.ಜಿ.4.

ಈಗ ನನಗೆ ತುಂಬ ಇಷ್ಟವಾದ ಭಾಗ. ಇದು ನಡೆದದ್ದು ಗಣರಾಜ್ಯದಲ್ಲಿ ಅಲ್ಲ, ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನಲ್ಲಿ. ಅಲ್ಲಿ ಐರಿಷಿಗೆ ಸರ್ಕಾರದ ಬೆಂಬಲ ಇರಲಿಲ್ಲ; ಇದ್ದದ್ದು ಅನುಮಾನ. 1960ರ ದಶಕದಲ್ಲಿ ಪಶ್ಚಿಮ ಬೆಲ್‌ಫಾಸ್ಟಿನ ಕೆಲವು ಯುವ ದಂಪತಿಗಳು ಒಂದು ತೀರ್ಮಾನ ಮಾಡಿದರು. ಮಕ್ಕಳನ್ನು ಐರಿಷಿನಲ್ಲೇ ಬೆಳೆಸೋಣ, ಅದಕ್ಕಾಗಿ ಅಕ್ಕಪಕ್ಕದಲ್ಲೇ ಮನೆ ಕಟ್ಟಿಕೊಳ್ಳೋಣ. ಐರಿಷ್ ಅವರ ಮನೆಮಾತಲ್ಲ. ದೊಡ್ಡವರಾದ ಮೇಲೆ ಕಲಿತವರು. ಶ್ರೀಮಂತರೂ ಅಲ್ಲ. ದುಡ್ಡು ಕೂಡಿಸಿ ಶಾಸ್ ರೋಡ್ ಎಂಬಲ್ಲಿ ಜಾಗ ಕೊಂಡರು. 1969ರಲ್ಲಿ ಮೊದಲ ಐದು ಕುಟುಂಬಗಳು ಮನೆ ಹೊಕ್ಕವು.

ಆ ವರ್ಷ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಗಲಭೆಯಲ್ಲಿ ಬೆಲ್‌ಫಾಸ್ಟ್ ಹೊತ್ತಿ ಉರಿಯಿತು. ಆಗಸ್ಟಿನಲ್ಲಿ ಬಾಂಬೆ ಸ್ಟ್ರೀಟ್ ಎಂಬ ಬೀದಿಯ ಮನೆಗಳನ್ನು ಸುಟ್ಟರು. ಆ ಮನೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಶಾಸ್ ರೋಡಿನ ಜನವೂ ಕೈಜೋಡಿಸಿದರು. ಭಾಷೆಯ ಕೆಲಸ, ನೆರೆಯವರ ಕೆಲಸ ಎಂದು ಅವರು ಬೇರೆ ಬೇರೆ ಮಾಡಿ ನೋಡಲಿಲ್ಲ. "ಹೇಳಬೇಡ, ಮಾಡು" ಎಂಬುದು ಅವರ ಬಾಯಲ್ಲಿ ಓಡಾಡುತ್ತಿದ್ದ ಮಾತು.

ಮಕ್ಕಳು ಬೆಳೆದರು, ಶಾಲೆ ಬೇಕಾಯಿತು. ಶಿಕ್ಷಣ ಇಲಾಖೆ ಒಪ್ಪಲಿಲ್ಲ. ಐರಿಷ್ ಮಾಧ್ಯಮದ ಶಾಲೆ ತೆರೆದರೆ ಕಾನೂನು ಕ್ರಮ ಎಂದು ಹೆದರಿಸಿತು. 1971ರಲ್ಲಿ ಒಂಬತ್ತು ಮಕ್ಕಳನ್ನು ಇಟ್ಟುಕೊಂಡು ತಾತ್ಕಾಲಿಕ ಕೊಠಡಿಯಲ್ಲಿ ಶಾಲೆ ಶುರು ಮಾಡೇಬಿಟ್ಟರು. ಸರ್ಕಾರದ ಹಣ ಬಂದದ್ದು 1984ರಲ್ಲಿ. ಅಲ್ಲಿಯ ತನಕ ಹದಿಮೂರು ವರ್ಷ ಮೇಷ್ಟ್ರುಗಳ ಸಂಬಳಕ್ಕೆ ಬೀದಿ ಬೀದಿಯಲ್ಲಿ ಚಂದಾ ಎತ್ತಿದರು. ಹೊರಗೆ ಬಾಂಬು, ಗುಂಡು, ಸೈನ್ಯದ ತಪಾಸಣೆ. ಒಳಗೆ ಮಕ್ಕಳು ಐರಿಷಿನಲ್ಲಿ ಮಗ್ಗಿ ಕಲಿಯುತ್ತಿದ್ದರು. ಇವತ್ತು ಉತ್ತರ ಐರ್ಲೆಂಡಿನಲ್ಲಿ ಸುಮಾರು 7,000 ಮಕ್ಕಳು ಐರಿಷ್ ಮಾಧ್ಯಮದಲ್ಲಿ ಓದುತ್ತಾರೆ. 2022ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಕಾನೂನು ಅಲ್ಲಿ ಐರಿಷಿಗೆ ಅಧಿಕೃತ ಮನ್ನಣೆ ಕೊಟ್ಟಿತು. ಜನ ಮೊದಲು ಮಾಡಿದರು, ಕಾನೂನು ಅರ್ಧ ಶತಮಾನ ಕಳೆದು ಬಂತು.

ಗಣರಾಜ್ಯದಲ್ಲೂ 1970ರ ನಂತರ ಗೇಲ್‌ಸ್ಕೋಲ್ ಎಂಬ ಐರಿಷ್ ಮಾಧ್ಯಮದ ಶಾಲೆಗಳು ಹೆಚ್ಚುತ್ತಾ ಬಂದವು. ಹಿಂದೆ ಸರ್ಕಾರ ಮೇಲಿನಿಂದ ಹೇರಿದ ಶಾಲೆಗಳಿಗೂ ಇವಕ್ಕೂ ದೊಡ್ಡ ವ್ಯತ್ಯಾಸ ಇದೆ. ಇವನ್ನು ಬೇಕೆಂದು ಕೇಳಿ ಪಡೆದವರು ಅಪ್ಪ ಅಮ್ಮಂದಿರು. ಅಲ್ಲಿ ಐರಿಷ್ ಒಂದು ವಿಷಯವಲ್ಲ. ಗಣಿತ, ಆಟ, ಜಗಳ ಎಲ್ಲ ಅದರಲ್ಲೇ.

ಹಾಗಿದ್ದರೆ ತೊಂದರೆ ಏನು? ಮುಖ್ಯವಾದ ತೊಂದರೆ ಇಂಗ್ಲಿಷಿನ ಜೊತೆ ಬದುಕುವುದರಲ್ಲೇ ಇದೆ. ಐರಿಷ್ ಮಾತಾಡುವ ಹೆಚ್ಚುಕಡಿಮೆ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಹತ್ತು ಜನ ಐರಿಷಿನಲ್ಲಿ ಹರಟುತ್ತಿರುವಾಗ ಅದು ಬಾರದ ಒಬ್ಬರು ಬಂದು ಕೂತರೆ ಹತ್ತೂ ಜನ ಇಂಗ್ಲಿಷಿಗೆ ಬದಲಾಗುತ್ತಾರೆ. ಯಾರ ಬಲವಂತವೂ ಇಲ್ಲ, ಸುಮ್ನೆ ಸೌಜನ್ಯ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಗರದಿಂದ ಕಲಿತು ಬಂದವರು ತಡವರಿಸಿ ಮಾತಾಡಿದಾಗ ಗೇಲ್ತಖ್ತ್‌ನ ಅಂಗಡಿಯವರು ಪಾಪ ಎಂದು ಇಂಗ್ಲಿಷಿನಲ್ಲೇ ಉತ್ತರಿಸುವುದೂ ಇದೆ. ಕಲಿತವರಿಗೆ ಅದು ಎಷ್ಟು ನೋವು! ನನಗೆ ಎರಡೂ ಕಡೆಯವರ ಮೇಲೆ ಕನಿಕರವಿದೆ. ಆದರೂ ಕಲಿಯುವವರು ತಪ್ಪು ತಪ್ಪಾಗಿ ಮಾತಾಡುವುದನ್ನು ತಾಳಿಕೊಳ್ಳದ ಭಾಷೆ ಬೆಳೆಯುವುದು ಕಷ್ಟ.

ಗೇಲ್ತಖ್ತ್‌ನ ಸ್ಥಿತಿ ಚಿಂತೆ ಹುಟ್ಟಿಸುವಂತಿದೆ. 2007ರಲ್ಲಿ ಸರ್ಕಾರವೇ ಮಾಡಿಸಿದ ಅಧ್ಯಯನ, ಹೀಗೇ ಹೋದರೆ 15ರಿಂದ 20 ವರ್ಷಗಳಲ್ಲಿ ಐರಿಷ್ ಅಲ್ಲಿಯೂ ಊರಿನ ಮುಖ್ಯ ಮಾತಾಗಿ ಉಳಿಯುವುದಿಲ್ಲ ಎಂದಿತ್ತು. 2022ರ ಲೆಕ್ಕದಲ್ಲಿ ಗೇಲ್ತಖ್ತ್‌ನೊಳಗೆ ದಿನಾ ಐರಿಷ್ ಮಾತಾಡುವವರು ಸುಮಾರು 20 ಸಾವಿರ. ಮಕ್ಕಳು ಮೇಷ್ಟ್ರ ಹತ್ತಿರ ಐರಿಷ್, ಗೆಳೆಯರ ಹತ್ತಿರ ಇಂಗ್ಲಿಷ್. ಆಟದ ಬಯಲಿನ ಭಾಷೆ ಬದಲಾದರೆ ಮುಂದಿನ ತಲೆಮಾರಿನ ಮನೆಯ ಭಾಷೆಯೂ ಬದಲಾಗುತ್ತದೆ.

ಇದರ ಜೊತೆಗೆ ಬಾಡಿಗೆ ಮತ್ತು ಬೆಲೆ. ಗೇಲ್ತಖ್ತ್‌ಗಳು ಕಡಲ ತೀರದ ಸುಂದರ ಜಾಗಗಳು. ಹೊರಗಿನ ದುಡ್ಡಿರುವವರು ರಜೆಯ ಮನೆ ಕೊಳ್ಳುತ್ತಾರೆ. ಉಳಿದ ಮನೆಗಳು ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಹೋಗುತ್ತವೆ. ಅಲ್ಲೇ ಹುಟ್ಟಿದ ಹುಡುಗ ಹುಡುಗಿ ಮದುವೆಯಾಗಿ ಮನೆ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ. ಅವರು ಗಾಲ್ವೇಗೋ ಡಬ್ಲಿನ್ನಿಗೋ ಹೋಗುತ್ತಾರೆ. ಇಬ್ಬರೂ ಐರಿಷ್ ಬಲ್ಲವರೇ ಆದರೂ ಅಲ್ಲಿ ಅವರ ಮಗುವಿನ ಸುತ್ತ ಇರುವುದು ಇಂಗ್ಲಿಷ್.

ಪ್ರಶ್ನೆಗಳ ಹೊತ್ತಿನಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಇಂಗ್ಲಿಷ್ ಬಂದದ್ದರಿಂದಲೇ ಐರ್ಲೆಂಡಿಗೆ ದೊಡ್ಡ ದೊಡ್ಡ ಕಂಪನಿ ಬಂತು, ಜನ ಶ್ರೀಮಂತರಾದರು. ಇಷ್ಟು ಕಷ್ಟಪಟ್ಟು ಐರಿಷ್ ಯಾಕೆ ಬೇಕು ಹೇಳಿ?"

ಸರ್, ಇಂಗ್ಲಿಷ್ ಬಿಡಿ ಎಂದು ಅಲ್ಲಿ ಈಗ ಯಾರೂ ಹೇಳುತ್ತಿಲ್ಲ. ಬೇಡಿಕೆ ಇರುವುದು ಎರಡೂ ಇರಲಿ ಎಂದು. ಐರಿಷಿನಿಂದ ಅನ್ನವೂ ಹುಟ್ಟುತ್ತಿದೆ. 2007ರಲ್ಲಿ ಅದು ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯಾಯಿತು. 2022ರ ಜನವರಿಯಿಂದ ಪೂರ್ತಿ ಸ್ಥಾನ ಸಿಕ್ಕಿದೆ. ಅನುವಾದಕರು, ಕಾನೂನು ತಜ್ಞರು ಬ್ರಸೆಲ್ಸ್, ಲಕ್ಸೆಂಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ. ಐರ್ಲೆಂಡಿನ ಅಧಿಕೃತ ಭಾಷೆಗಳ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ 2030ರ ಕೊನೆಗೆ ಸರ್ಕಾರಿ ಕೆಲಸಕ್ಕೆ ಹೊಸದಾಗಿ ಸೇರುವವರಲ್ಲಿ ಶೇಕಡಾ 20 ಜನ ಐರಿಷ್ ಬಲ್ಲವರಾಗಿರಬೇಕು. ಆದರೆ ಲಾಭ ಇಲ್ಲದಿದ್ದರೂ ಅದು ಇರಬೇಕು ಎಂದೇ ನಾನು ಹೇಳುತ್ತೇನೆ. ಅಲ್ಲಿನ ಊರು, ಹೊಳೆ, ಗುಡ್ಡದ ಹೆಸರುಗಳೆಲ್ಲ ಆ ಭಾಷೆಯವು. ತಮ್ಮ ಅಂಗಳದ ಹೆಸರೇ ಅರ್ಥವಾಗದೆ ಬದುಕುವುದು ಸಣ್ಣ ನಷ್ಟವಲ್ಲ.

ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಮೊಬೈಲ್ ಆ್ಯಪ್‌ನಲ್ಲಿ ಲಕ್ಷಾಂತರ ಜನ ಐರಿಷ್ ಕಲಿಯುತ್ತಿದ್ದಾರಂತೆ. ಅದರಿಂದ ಭಾಷೆ ಉಳಿಯುತ್ತದಾ?"

ಕಲಿಯುತ್ತಿರುವುದು ನಿಜಮ್ಮ. ಡುವೊಲಿಂಗೊದಲ್ಲಿ ಐರಿಷ್ ಪಾಠ 2014ರಲ್ಲಿ ಬಂತು, ಪ್ರಪಂಚದ ಮೂಲೆ ಮೂಲೆಯವರು ಸೇರಿಕೊಂಡರು. 2023ರಲ್ಲಿ ಮೊದಲ ಸಲ ಐರಿಷ್ ಭಾಷೆಯ ಸಿನಿಮಾ ಒಂದು ಆಸ್ಕರ್ ನಾಮನಿರ್ದೇಶನದ ತನಕ ಹೋಯಿತು. ಬೆಲ್‌ಫಾಸ್ಟಿನ ಹುಡುಗರು ಐರಿಷಿನಲ್ಲಿ ರ‍್ಯಾಪ್ ಹಾಡಿ ಹೆಸರು ಮಾಡಿದ್ದಾರೆ. ಹೊಸ ತಲೆಮಾರಿಗೆ ಈ ಭಾಷೆ ನಾಚಿಕೆಯದ್ದಲ್ಲ, ಪರೀಕ್ಷೆಯದ್ದೂ ಅಲ್ಲ. ಇದಕ್ಕೆ ನನಗೆ ತುಂಬ ಸಂತೋಷವಿದೆ. ಆದರೆ ಆ್ಯಪ್‌ನಲ್ಲಿ ಕಲಿತವರು ಮುಂದೆ ಯಾರ ಜೊತೆ ಮಾತಾಡಬೇಕು? ಅದಕ್ಕೆ ಊರು ಬೇಕು. ಕಾನ್ನೆಮಾರಾದ ಯುವಕರು ಈಗ ಹೋರಾಡುತ್ತಿರುವುದೂ ಇದಕ್ಕೇ. ಊರಲ್ಲಿ ಮನೆ ಕಟ್ಟಲು ಅನುಮತಿ ಕೊಡಿ, ರಜೆಯ ಮನೆಗಳಿಗೆ ಮಿತಿ ಹಾಕಿ, ಐರಿಷ್ ಮಾತಾಡುವ ಕುಟುಂಬಗಳಿಗೆ ಕೈಗೆಟುಕುವ ಬೆಲೆಯಲ್ಲಿ ಮನೆ ಸಿಗುವಂತೆ ಮಾಡಿ ಎಂದು ಕೇಳುತ್ತಿದ್ದಾರೆ. ಐರಿಷ್ ಬಗ್ಗೆ ಕಾಳಜಿ ಇರುವ ಸರ್ಕಾರ ಮೊದಲು ಉತ್ತರಿಸಬೇಕಾದದ್ದು ಈ ಅರ್ಜಿಗಳಿಗೆ.